ಶನಿವಾರದ ಟಪಾಲು

ತರೀಕೆರೆ, ೯ ಮಾರ್ಚ್ ೧೯೨೫, ಸೋಮವಾರ

ಅರ್ಜಿ ಬರೆದು ಮುಗಿಸಿದೆ. ಎಷ್ಟು ಸಲ ಹರಿದು ಎಷ್ಟು ಸಲ ಬರೆದೆನೋ ನೆನಪಿಲ್ಲ. ಚರಿತ್ರೆಯಲ್ಲಿ ಸಂಶೋಧನೆ ಮಾಡುವವರಿಗೆಂದು ಮೈಸೂರಿನಲ್ಲಿ ಈ ವರ್ಷ ಒಂದೇ ಒಂದು ವಿದ್ಯಾರ್ಥಿವೇತನವಿದೆ, ಎರಡು ವರ್ಷದ್ದು. ಅದು ಸಿಕ್ಕರೆ ಷಡಕ್ಷರಿ, ಬಿ.ಎ., ಎಂಬ ನಾನು ಎಂ.ಎ. ಓದುತ್ತ ಶಾಸನಗಳ ಜೊತೆ ಬದುಕುತ್ತೇನೆ. ಸಿಗದಿದ್ದರೆ ಅದೇ ಷಡಕ್ಷರಿ, ಬಿ.ಎ., ಕಡೂರಿನಲ್ಲಿ ಅಪ್ಪನ ಕೊಬ್ಬರಿ ಮಂಡಿಯಲ್ಲಿ ಕೂತು ಕೊಳೆತ ಕೊಬ್ಬರಿ ಆರಿಸುತ್ತಾನೆ. ಕಳೆದ ಒಂದು ವರ್ಷದಿಂದ ಅದೇ ಮಾಡುತ್ತಿದ್ದೇನೆ. ಮೊದಮೊದಲು ಆ ವಾಸನೆಗೆ ತಲೆ ಸಿಡಿಯುತ್ತಿತ್ತು. ಈಗ ಸಿಡಿಯುವುದಿಲ್ಲ, ಅದೇ ಭಯ.

ಅರ್ಜಿಯ ಜೊತೆ ಸ್ವಂತವಾಗಿ ಶೋಧಿಸಿ ಬರೆದ ಒಂದು ಪ್ರಬಂಧ ಇಡಬೇಕು. ಈ ಸೀಮೆಯ ಕೆರೆಗಳನ್ನು ಯಾರು ಕಟ್ಟಿಸಿದರು, ಯಾರು ರಿಪೇರಿ ಮಾಡಿಸಿದರು ಎಂಬುದು ನನ್ನ ವಿಷಯ. ಅಮೃತಾಪುರದ ದಾರಿಯಲ್ಲಿ ಒಂದು ಸಣ್ಣ ಕೆರೆಯ ತೂಬಿನ ಬಳಿ ಯಾರೂ ಓದದ ಒಂದು ಶಾಸನದ ಕಲ್ಲಿದೆ. ಅದರ ಅಚ್ಚು ತೆಗೆಯಲೆಂದು ಇವತ್ತು ಹೊರಟು ಬಂದು ಇಲ್ಲಿಯ ಛತ್ರದಲ್ಲಿ ಇಳಿದಿದ್ದೇನೆ.

ಹೊರಡುವಾಗ ಮನೆಯಲ್ಲಿ ಒಂದು ರಗಳೆ. ಅಪ್ಪನ ಅಕ್ಕ ಈರಕ್ಕ ನಮ್ಮ ಮನೆಯಲ್ಲೇ ಇರುವುದು. ಸಿಂಗಟಗೆರೆಗೆ ಕೊಟ್ಟಿದ್ದರು; ಗಂಡ ತೀರಿಹೋದ ಮೇಲೆ, ನಾನು ಎರಡು ವರ್ಷದವನಿದ್ದಾಗ, ಇಲ್ಲಿಗೆ ಬಂದಳು. ಅವ್ವ ಆಗ ಕಾಯಿಲೆಯಲ್ಲಿದ್ದಳು. ನನ್ನನ್ನು ಎತ್ತಿ ಆಡಿಸಿ ದೊಡ್ಡವನನ್ನು ಮಾಡಿದವಳು ಅತ್ತೆಯೇ. ಆದರೆ ಯಾರಾದರೂ ಕೆಲಸದ ಮೇಲೆ ಹೊರಟರೆ ಸಾಕು, ತಾನಾಗಿಯೇ ಹಿತ್ತಲಿಗೆ ಸರಿದುಬಿಡುತ್ತಾಳೆ. ಗಂಡನಿಲ್ಲದವಳು ಎದುರು ಬಂದರೆ ಹೋದ ಕೆಲಸ ಕೆಡುತ್ತದಂತೆ. ಎರಡು ಹೊತ್ತು ಲಿಂಗಪೂಜೆ ತಪ್ಪದ ಮನೆಯಲ್ಲಿ ಈ ಶಕುನದ ಕಾಟ. ಇವತ್ತು ನಾನು ಹೊಸಿಲಲ್ಲಿ ನಿಂತು ಹಟ ಹಿಡಿದೆ.

“ಅತ್ತೆ, ಬಾ ಇಲ್ಲಿ. ಎದುರಿಗೆ ನಿಂತ್ಕೊ.”

“ಬ್ಯಾಡ ಕಣಪ್ಪ. ನಿಮ್ಮವ್ವ ಬೇಜಾರು ಮಾಡ್ಕೊತಾಳೆ.”

“ಮಾಡ್ಕೊಳ್ಳಲಿ. ನೀನು ಬರ್ದೆ ನಾನು ಹೊರಡಲ್ಲ.”

ಕೈ ಒರೆಸಿಕೊಳ್ಳುತ್ತ ಬಂದಳು. ತಲೆ ಎತ್ತಲಿಲ್ಲ. “ಹೋಗ್ಬಾ ಮಗಾ” ಎಂದಳು, ಅಷ್ಟೇ. ಅವ್ವ ಮುಖ ತಿರುಗಿಸಿದಳು. ಅಪ್ಪ ಸೂರು ನೋಡುತ್ತ ನಿಂತರು. ರೈಲು ಬೀರೂರು ದಾಟುವವರೆಗೂ ನನಗೆ ಒಳಗೊಳಗೇ ಖುಷಿಯಾಗುತ್ತಿತ್ತು. ಓದಿದ್ದಕ್ಕೆ ಇಷ್ಟಾದರೂ ಮಾಡದಿದ್ದರೆ ಬಿ.ಎ. ಯಾತಕ್ಕೆ?

ತರೀಕೆರೆ, ೧೦ ಮಾರ್ಚ್, ಮಂಗಳವಾರ

ಕಲ್ಲಿರುವ ಜಾಗದ ಪಕ್ಕದ ಹೊಲ ದೊಡ್ಡಬೀರಪ್ಪನದು. ವಯಸ್ಸಾದ ಮನುಷ್ಯ, ಹೆಗಲ ಮೇಲೆ ಕಂಬಳಿ. ನಾನು ಕಲ್ಲು ತೊಳೆಯುವುದನ್ನೇ ನೋಡುತ್ತ ಕೂತಿದ್ದ.

“ಒಂದು ಕಾಯಿ ಒಡ್ದು ಆಮೇಲೆ ಕೈ ಹಾಕಿ ಸ್ವಾಮಿ.”

“ಇದು ದೇವರಲ್ಲ ಯಜಮಾನ. ಬರೀ ಅಕ್ಷರ.”

“ಅಕ್ಷರ ಐತೆ ಅಂತ್ಲೇ ನಾ ಹೇಳಿದ್ದು.”

ನಕ್ಕೆ. ಅಚ್ಚು ತೆಗೆಯುವ ಕೆಲಸ ನೋಡುವವರಿಗೆ ಕಷ್ಟವೇ. ಕಾಗದ ನೆನೆಸಿ ಕಲ್ಲಿನ ಮೇಲೆ ಹಾಸಿ, ಬ್ರಷ್ಷಿನಿಂದ ಪಟಪಟ ಹೊಡೆಯಬೇಕು. ಕಾಗದ ಅಕ್ಷರದ ಕುಳಿಯೊಳಗೆ ಕೂತಮೇಲೆ ಮಸಿ ಒತ್ತಬೇಕು. ನಾನು ಹೊಡೆದಾಗಲೆಲ್ಲ ಬೀರಪ್ಪ ಕಣ್ಣು ಮುಚ್ಚಿಕೊಳ್ಳುತ್ತಿದ್ದ.

ಮೊದಲ ಹಾಳೆ ನೀರು ಹೆಚ್ಚಾಗಿ ಕೆಟ್ಟಿತು. ಎರಡನೆಯದು ಚೆನ್ನಾಗಿ ಬಂದಿತ್ತು. ಬಿಡಿಸುವ ಹೊತ್ತಿಗೆ ಕೆರೆಯ ಕಡೆಯಿಂದ ಗಾಳಿ ಬೀಸಿ ಮೇಲಿನ ಮೂಲೆ ಪರ್ರನೆ ಹರಿದುಹೋಯಿತು. ಕಾಲವನ್ನು ಹೇಳುವ ಅರ್ಧ ಸಾಲು ಆ ಮೂಲೆಯಲ್ಲೇ ಇತ್ತು. ತಂದ ಕಾಗದ ಮುಗಿದಿತ್ತು. ಬೀರಪ್ಪ ಬಾಯಿಬಿಟ್ಟು ಏನೂ ಹೇಳಲಿಲ್ಲ. ಹೇಳಿದ್ದರೆ ಚೆನ್ನಾಗಿತ್ತು, ಜಗಳವಾದರೂ ಆಡಬಹುದಿತ್ತು.

ಮಾರ್ಚ್ ತಿಂಗಳಲ್ಲಿ ಗಾಳಿ ಬೀಸುತ್ತದೆ. ಇದರಲ್ಲಿ ವಿಶೇಷವೇನೂ ಇಲ್ಲ. ಹರಿದ ಸಾಲನ್ನು ಕಣ್ಣಿನಿಂದ ಓದಿ ಪುಸ್ತಕದಲ್ಲಿ ಬರೆದುಕೊಂಡಿದ್ದೇನೆ.

ಕಡೂರು, ೧೩ ಏಪ್ರಿಲ್, ಸೋಮವಾರ

ಅರ್ಜಿ ಹೋಗಿ ಎರಡು ವಾರವಾಯಿತು. ಈ ಮಧ್ಯೆ ಅಜ್ಜಂಪುರದ ಮಿಡ್ಲ್ ಸ್ಕೂಲಿನಿಂದ ಆರ್ಡರ್ ಬಂದಿದೆ: ಮೇ ಕೊನೆಗೆ ಬಂದು ಸೇರಿದರೆ ಮೇಷ್ಟರ ಕೆಲಸ. ಒಪ್ಪಿಗೆಗೆ ಈ ವಾರದೊಳಗೆ ಉತ್ತರ ಬರೆಯಬೇಕು. ಒಪ್ಪಿಕೊಂಡು, ಮೈಸೂರಿನದು ಆದರೆ ಆಗ ಬಿಟ್ಟರಾಯಿತು ಎಂದು ನನ್ನ ಲೆಕ್ಕ. ಮಂಡಿಯಿಂದಂತೂ ಬಿಡುಗಡೆ.

ಅಪ್ಪನ ಲೆಕ್ಕ ಬೇರೆ. “ಎರಡು ದೋಣಿ ಮೇಲೆ ಕಾಲಿಡ್ಬಾರ್ದು ಕಣೋ. ಸ್ವಾಮೀನೇ ಕೇಳೋಣ” ಎಂದು ಇವತ್ತು ನನ್ನನ್ನು ವೀರಭದ್ರನ ಗುಡಿಗೆ ಎಳೆದುಕೊಂಡು ಹೋದರು. ಅಪ್ಪ ಮಂಡಿಯಲ್ಲಿ ಒಂದು ಚೀಲ ಕೊಬ್ಬರಿ ಕೊಳ್ಳುವಾಗ ಹತ್ತು ಕಡೆ ಒಡೆದು ನೋಡುವ ಮನುಷ್ಯ. ಗುಡಿಯ ಬಾಗಿಲು ದಾಟಿದರೆ ಮಗುವಾಗಿಬಿಡುತ್ತಾರೆ.

ಗುಡಿಯ ಅಯ್ಯನವರು ಸ್ವಾಮಿಯ ಎರಡು ಭುಜಕ್ಕೂ ನೀರಿನಲ್ಲಿ ಅದ್ದಿದ ಹೂವು ಅಂಟಿಸಿದರು. ಬಲಗಡೆಯದು ಮೊದಲು ಬಿದ್ದರೆ ಮೈಸೂರು, ಎಡಗಡೆಯದು ಬಿದ್ದರೆ ಅಜ್ಜಂಪುರ. ಅಪ್ಪ ಕಣ್ಣು ಮುಚ್ಚಿ ಕೈ ಮುಗಿದು ಕೂತರು. ನಾನು ಕಂಬಕ್ಕೆ ಒರಗಿ ನೋಡುತ್ತಿದ್ದೆ. ಒದ್ದೆ ಹೂವು ಒಣಗಿದರೆ ಬೀಳುತ್ತದೆ. ಬಾಗಿಲ ಗಾಳಿ ಬಲಗಡೆಯಿಂದ ಬರುತ್ತಿತ್ತು, ಬಲಗಡೆಯದು ಬೇಗ ಒಣಗುತ್ತದೆ. ಇದು ದೇವರ ಮಾತಾದರೆ ಹಗ್ಗದ ಮೇಲೆ ಒಣಗಲು ಹಾಕಿದ ಪಂಚೆಯೂ ದೇವರ ಮಾತೇ.

ಬಲಗಡೆಯದೇ ಬಿತ್ತು. ಅಪ್ಪನ ಕಣ್ಣಲ್ಲಿ ನೀರು. “ಅಪ್ಪಣೆ ಆಯ್ತು” ಎಂದರು ಅಯ್ಯನವರು. ಮನೆಗೆ ಬಂದು ನಾನು ಗಾಳಿಯ ವಿಷಯ ಹೇಳಿದಾಗ ಅತ್ತೆ ಒಬ್ಬಳೇ ನಕ್ಕಳು.

೧೬ ಏಪ್ರಿಲ್, ಗುರುವಾರ

ಅಪ್ಪ ನನ್ನನ್ನು ಕೇಳದೆ ಅಜ್ಜಂಪುರಕ್ಕೆ ಬರೆದುಬಿಟ್ಟಿದ್ದಾರೆ, ಹುಡುಗ ಬರುವುದಿಲ್ಲ ಎಂದು. ಮಂಡಿಯ ಗುಮಾಸ್ತನ ಕೈಯಲ್ಲಿ ಬರೆಸಿ ಮೊನ್ನೆಯೇ ಹಾಕಿಸಿದರಂತೆ.

“ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲ್ಸಿದ್ರಲ್ಲ ಅಪ್ಪ” ಎಂದೆ.

“ಹೂವು ಕೊಟ್ಮೇಲೆ ಕೂಸು ಹುಟ್ಟಿದ ಹಂಗೇ ಕಣೋ. ಕೊಟ್ಟ ಮೇಲೂ ಇನ್ನೊಂದು ಕಡೆ ಕೈ ಚಾಚಿದ್ರೆ ಸ್ವಾಮಿ ಏನಂದ್ಕೊಳ್ತಾನೆ?”

ಕೂಗಾಡಿದೆ. ಊಟ ಬಿಟ್ಟೆ. ಅತ್ತೆ ಮೊಸರನ್ನ ಕಲಸಿಕೊಂಡು ಅಟ್ಟಕ್ಕೆ ತಂದಳು. ತಿಂದೆ. ಈಗ ಮೈಸೂರು ಬಿಟ್ಟರೆ ನನಗೆ ಗತಿಯಿಲ್ಲ.

೬ ಮೇ, ಬುಧವಾರ

ಸಂದರ್ಶನಕ್ಕೆ ಕರೆದಿದ್ದಾರೆ, ಹದಿನಾಲ್ಕಕ್ಕೆ. ಅಪ್ಪ ಓಣಿಯಲ್ಲಿ ಸಿಕ್ಕವರಿಗೆಲ್ಲ ಹೇಳುತ್ತಿದ್ದಾರೆ, ಕೆಲಸ ಆಗೇಹೋಯಿತು ಎನ್ನುವ ಹಾಗೆ. ಪಕ್ಕದ ಮನೆಯ ವಿಶಾಲಾಕ್ಷಮ್ಮ ಬಂದು, “ಮೈಸೂರಿನಾಗೆ ದೊರೆ ಜತೇಲೇ ಇರ್ತೀಯಂತೆ, ಹೌದೇನಪ್ಪಾ?” ಎಂದರು. ನಗಲೂ ಆಗಲಿಲ್ಲ.

೧೩ ಮೇ, ಬುಧವಾರ, ಮೈಸೂರು

ಬೆಳಿಗ್ಗೆಯ ಗಾಡಿಗೆ ಹೊರಟು ಬಂದೆ. ಹೊರಡುವ ಹೊತ್ತಿಗೆ ಅತ್ತೆ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಳು. ಕೆಲಸ ಬಿಡಿಸಿ ಯಾಕೆ ಕರೆಯುವುದೆಂದು ಕರೆಯಲಿಲ್ಲ. ಗಾಡಿಗೂ ಹೊತ್ತಾಗಿತ್ತು.

ಸ್ಟೇಷನ್ನಿನಲ್ಲಿ ಗಾಡಿ ಬರುವುದು ತಡವಾಯಿತು. ಅರ್ಧ ಗಂಟೆ ಬೆಂಚಿನ ಮೇಲೆ ಕೂತಿದ್ದೆ.

೧೭ ಮೇ, ಭಾನುವಾರ, ಕಡೂರು

ಬರೆಯಲು ಮನಸ್ಸಿರಲಿಲ್ಲ, ಆದರೂ ಬರೆದಿಡುತ್ತೇನೆ. ಸಮಿತಿಯಲ್ಲಿ ಮೂವರು. ಒಬ್ಬರು ನನ್ನ ಪ್ರಬಂಧವನ್ನು ಪೂರ್ತಿ ಓದಿದ್ದರು. ಕೆರೆಗಳ ಬಗ್ಗೆ ಕೇಳಿದ್ದಕ್ಕೆಲ್ಲ ಚೆನ್ನಾಗಿ ಹೇಳಿದೆ, ಅವರು ತಲೆಯಾಡಿಸುತ್ತಿದ್ದರು. ಇನ್ನೊಬ್ಬರು ಮಾತೇ ಆಡಲಿಲ್ಲ. ಮೂರನೆಯವರು ಅಚ್ಚಿನ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ಹರಿದ ಮೂಲೆಯಿಂದ ಅವರ ಕಣ್ಣು ನನ್ನನ್ನೇ ನೋಡುತ್ತಿತ್ತು.

ಕಾಲವನ್ನು ಹೇಳುವ ಸಾಲೇ ಇಲ್ಲವಲ್ಲ, ಇದು ಏನಾಯಿತು ಎಂದರು. ಗಾಳಿಗೆ ಹರಿಯಿತು, ಕಣ್ಣಿನಿಂದ ಓದಿ ಬರೆದುಕೊಂಡಿದ್ದೇನೆ ಎಂದೆ. ನಿಮ್ಮ ಕಣ್ಣನ್ನು ನಾವು ಕಪಾಟಿನಲ್ಲಿ ಇಡಲು ಬರುವುದಿಲ್ಲವಲ್ಲ ಎಂದರು. ಮಿಕ್ಕ ಇಬ್ಬರೂ ನಕ್ಕರು. ನಾನೂ ನಕ್ಕೆ, ಯಾಕೆ ನಕ್ಕೆನೋ.

ದೇವರು ಕೊಟ್ಟರೂ ಪೂಜಾರಿ ಕೊಡ ಎನ್ನುವುದು ಇದಕ್ಕೇ. ಮಿಕ್ಕದ್ದೆಲ್ಲ ಸರಿಯಾಗಿತ್ತು, ಆ ಒಂದು ಮೂಲೆ. ಅಚ್ಚಿಗೆಂದು ಆ ದಿನ ಮನೆಯಿಂದ ಹೊರಟದ್ದೇ ಏಕೋ ಸರಿಯಾಗಲಿಲ್ಲ. ಇರಲಿ.

ಅತ್ತೆ ಹೇಗಾಯಿತೆಂದು ಎರಡು ಸಲ ಕೇಳಿದಳು. ಆಯಿತು ಎಂದೆ.

೨೫ ಮೇ, ಸೋಮವಾರ

ಯಾರಿಗೂ ಹೇಳದೆ ಅಜ್ಜಂಪುರಕ್ಕೆ ಹೋಗಿ ಬಂದೆ. ಮಿಡ್ಲ್ ಸ್ಕೂಲಿನ ಹೆಡ್ ಮಾಸ್ತರರು ಒಳ್ಳೆಯವರು, ಕೂರಿಸಿ ಮಜ್ಜಿಗೆ ತರಿಸಿದರು. “ತಮ್ಮ ತಂದೆಯವರ ಕಾಗದ ಬಂದ ವಾರದಲ್ಲೇ ಬೇರೆಯವ್ರನ್ನ ತಗೊಂಡ್ವಿ ಕಣ್ರೀ. ತಾವು ಮೈಸೂರಿಗೆ ಹೋಗೋದು ಖಾಯಂ ಅಂತ ಬರೆದಿದ್ರು” ಎಂದರು. ಹೌದು, ಖಾಯಂ, ಸುಮ್ಮನೆ ಈ ಕಡೆ ಬಂದಿದ್ದೆ, ನೋಡಿಹೋಗೋಣ ಎಂದು ಬಂದೆ ಎಂದೆ. ಅಭಿನಂದನೆ ಹೇಳಿ ಗೇಟಿನವರೆಗೂ ಬಂದು ಬೀಳ್ಕೊಟ್ಟರು.

ಬರುವಾಗ ರೈಲಿನಲ್ಲಿ ಯೋಚಿಸುತ್ತಿದ್ದೆ: ಗುಡಿಯಲ್ಲಿ ಆ ದಿನ ಗಾಳಿ ನಿಜವಾಗಿಯೂ ಬಲಗಡೆಯಿಂದ ಬರುತ್ತಿತ್ತೇ? ಬಾಗಿಲು ಅರ್ಧ ಮುಚ್ಚಿತ್ತು ಎಂದು ನನಗೆ ಈಗ ನೆನಪು. ಅರ್ಧ ಮುಚ್ಚಿದ್ದರೆ ಹೂವು ತಾನಾಗಿಯೇ ಬಿದ್ದಿರಬೇಕು. ಸತ್ಯಶೋಧನೆ ಎಂದಮೇಲೆ ಎರಡೂ ಕಡೆ ನೋಡಬೇಕಲ್ಲ.

೨ ಜೂನ್, ಮಂಗಳವಾರ

ಕಲ್ಲಿನ ಇನ್ನೊಂದು ಅಚ್ಚು ತೆಗೆದು ಸಮಿತಿಗೆ ಕಳಿಸೋಣವೆಂದು ಹೋದೆ. ಕಾಗದ ನೆನೆಸುವ ಮೊದಲು ಒಂದು ತೆಂಗಿನಕಾಯಿ ಒಡೆದೆ. ಅಲ್ಲಿಯ ಜನರ ಮನಸ್ಸು ನೋಯಿಸಬಾರದು, ಸಂಶೋಧಕನಿಗೆ ಅದು ಮುಖ್ಯ. ಅಲ್ಲಿ ಜನ ಯಾರೂ ಇರಲಿಲ್ಲ. ದೊಡ್ಡಬೀರಪ್ಪ ದೂರದಲ್ಲಿ ನೇಗಿಲು ಹೊಡೆಯುತ್ತಿದ್ದವನು ಆಮೇಲೆ ಬಂದು ಕಾಯಿಚೂರು ನೋಡಿ, “ಹಿಂಗ್ ಮಾಡ್ಬೇಕು” ಎಂದ.

ಅಚ್ಚು ಚೆನ್ನಾಗಿ ಬಂತು. ಮೂಲೆಯೂ ಬಂತು. ಗಾಳಿಯೇ ಇರಲಿಲ್ಲ. ಅಲ್ಲಿಂದಲೇ ತರೀಕೆರೆಗೆ ಬಂದು ಟಪಾಲಿಗೆ ಹಾಕಿದೆ.

ಬೆಳಿಗ್ಗೆ ಮನೆಯಿಂದ ಹೊರಡುವಾಗ ಹಿತ್ತಲ ಬಾಗಿಲಿನಿಂದ ಹೋಗೋಣವೆಂದರೆ ಅತ್ತೆ ಅಲ್ಲೇ ಕೂತಿದ್ದಳು. ಅವಳು ನೀರು ತರಲು ಹೋಗುವವರೆಗೆ ಕಾದು ಹೊರಟೆ. ಸುಮ್ಮನೆ ಎಲ್ಲಿಗೆ ಯಾಕೆ ಎಂದು ಅವಳಿಗೆ ವಿವರಿಸುತ್ತ ಕೂರಬೇಕು.

೮ ಜೂನ್, ಸೋಮವಾರ

ಟಪಾಲಿಲ್ಲ. ಎಡಗಣ್ಣು ಬೆಳಿಗ್ಗೆಯಿಂದ ಅದುರುತ್ತಿದೆ. ಓದು ಹೆಚ್ಚಾಗಿರಬೇಕು.

೧೩ ಜೂನ್, ಶನಿವಾರ

ಮೈಸೂರಿನ ಮಠದ ಪ್ರಸಾದನಿಲಯದಲ್ಲಿ ನನ್ನ ಜೊತೆ ಇದ್ದ ಮಲ್ಲಿಕಾರ್ಜುನ ಅಲ್ಲೇ ಯೂನಿವರ್ಸಿಟಿಯ ಕಚೇರಿಯಲ್ಲಿ ಕೆಲಸಕ್ಕಿದ್ದಾನೆ. ಅವನಿಂದ ಕಾಗದ. ವೇತನ ಬೆಂಗಳೂರಿನ ಒಬ್ಬನಿಗೆ ಆಗಿದೆಯೆಂದು ಕೇಳಿದನಂತೆ. ನನ್ನ ಹೆಸರು ಎರಡನೆಯದಂತೆ. ಖಚಿತ ಗೊತ್ತಿಲ್ಲ, ಧೈರ್ಯಗೆಡಬೇಡ ಎಂದು ಬರೆದಿದ್ದಾನೆ. ಇಂಥ ಸುದ್ದಿ ಬರೆದು ಧೈರ್ಯಗೆಡಬೇಡ ಎನ್ನುವುದು ಯಾವ ನ್ಯಾಯವೋ.

ಒಂದೇ ವೇತನ. ಎರಡನೆಯವನೂ ಹತ್ತನೆಯವನೂ ಒಂದೇ. ಅಪ್ಪನಿಗೆ ಹೇಳಿದೆ. “ಕಾಗದ ಸರ್ಕಾರದ್ದಾ?” ಎಂದರು. ಅಲ್ಲ ಎಂದೆ. “ಹಂಗಾದ್ರೆ ಸುಮ್ನಿರು” ಎಂದು ತಕ್ಕಡಿ ಹಿಡಿದರು. ಅವರ ನಂಬಿಕೆ ನೋಡಿ ಮೊದಲು ಸಿಟ್ಟು ಬರುತ್ತಿತ್ತು. ಈಗ ಹೊಟ್ಟೆಕಿಚ್ಚಾಗುತ್ತದೆ.

ಸಂಜೆ ವೀರಭದ್ರನ ಗುಡಿಗೆ ಹೋಗಿ ಸುಮ್ಮನೆ ಕೂತು ಬಂದೆ. ತಂಪಾಗಿರುತ್ತದೆ.

೨೦ ಜೂನ್, ಶನಿವಾರ

ಬಂತು.

ನಾನು ಮಂಡಿಯಿಂದ ಊಟಕ್ಕೆ ಬಂದಾಗ ಅತ್ತೆ ಜಗಲಿಯ ಮೇಲೆ ಹುಣಸೆಹಣ್ಣು ಬಿಡಿಸುತ್ತ ಕೂತಿದ್ದಳು. ಟಪಾಲಿನವನು ಅವಳ ಕೈಯಲ್ಲಿ ಕೊಟ್ಟು ಹೋಗಿದ್ದ. ಕೈ ತೊಳೆದುಕೊಂಡು ಸೆರಗಿಗೆ ಒರೆಸಿ, ಲಕೋಟೆಯನ್ನು ಎರಡೂ ಕೈಯಲ್ಲಿ ಹಿಡಿದು ಎದ್ದು ಬಂದಳು.

“ಮಗಾ, ಮೈಸೂರಿಂದು. ಮುದ್ರೆ ಐತೆ ನೋಡು.”

ನಾನು ಕೈ ಚಾಚಿದ್ದೆ, ಹಿಂದಕ್ಕೆ ತೆಗೆದೆ. “ಅಲ್ಲೇ ಇಡು, ಜಗಲಿ ಮೇಲೆ” ಎಂದೆ. ಅವಳಿಗೆ ತಕ್ಷಣ ತಿಳಿಯಲಿಲ್ಲ. ಆಮೇಲೆ ತಿಳಿಯಿತು. ಇಟ್ಟಳು.

ಅವ್ವ ಬಂದು ಸೆರಗಿನಲ್ಲಿ ಹಿಡಿದು ಎತ್ತಿಕೊಂಡು ದೇವರ ಗೂಡಿನಲ್ಲಿಟ್ಟಳು. “ಶನಿವಾರ, ಮ್ಯಾಲೆ ಅಮಾಸೆ ಬೇರೆ ಹತ್ತೈತೆ. ಸೋಮವಾರ ಪೂಜೆ ಮಾಡಿ ತೆಗೆದ್ರಾಯ್ತು.” ಅಪ್ಪನೂ ಹಾಗೇ ಅಂದರು: “ಹೂವು ಕೊಟ್ಟ ಸ್ವಾಮಿ ಎರಡು ದಿನದಲ್ಲಿ ಎಲ್ಲೂ ಓಡ್ಹೋಗಲ್ಲ.”

ನಾನು ಒಪ್ಪಿದೆ. ಅವರ ಅಮಾವಾಸ್ಯೆಗೆ ಒಪ್ಪಿದ್ದಲ್ಲ. ಲಕೋಟೆ ತೆಳುವಾಗಿದೆ, ಒಂದೇ ಹಾಳೆ. ಇಲ್ಲ ಎನ್ನಲು ಒಂದು ಹಾಳೆ ಸಾಕು. ತೆರೆಯುವವರೆಗೆ ಅದು ಇಲ್ಲವೆಂದು ಆಗಿಲ್ಲ. ಒಳ್ಳೆಯ ಗಳಿಗೆಯಲ್ಲಿ ತೆರೆದರೆ ನಷ್ಟವೇನು? ಮೂರು ತಿಂಗಳು ಕಾದವನು ಎರಡು ದಿನ ಕಾಯಲಾರೆನೇ?

ಅತ್ತೆ ಒಬ್ಬಳೇ, “ಏನ್ ಬರೆದವ್ರೋ, ಬಿಚ್ಚಾದ್ರೂ ನೋಡೋ. ಕಾಗದಕ್ಕೆ ಅಮಾಸೆ ಏನು” ಎಂದಳು.

“ನಿಂಗೇನ್ ಗೊತ್ತಾಗುತ್ತೆ, ಒಳಗ್ ಹೋಗು” ಎಂದೆ. ಸ್ವಲ್ಪ ಜೋರಾಯಿತೆಂದು ಕಾಣುತ್ತದೆ. ವಿಶಾಲಾಕ್ಷಮ್ಮ ಗೋಡೆಯ ಮೇಲಿಂದ ಇಣುಕಿದರು.

೨೧ ಜೂನ್, ಭಾನುವಾರ

ಗೂಡಿನ ಮುಂದೆ ಹತ್ತು ಸಲ ಹೋಗಿ ಬಂದೆ. ಮುಟ್ಟಲಿಲ್ಲ. ಮುಟ್ಟಲಿಲ್ಲವೆಂದು ನನಗೇ ಒಂದು ಹೆಮ್ಮೆ.

ಅತ್ತೆ ಇವತ್ತು ನನ್ನ ಜೊತೆ ಮಾತಾಡಲಿಲ್ಲ.

೨೨ ಜೂನ್, ಸೋಮವಾರ

ಆದದ್ದನ್ನು ಆದಹಾಗೆ ಬರೆಯುತ್ತೇನೆ.

ಬೆಳಗ್ಗೆ ಬೇಗ ಎದ್ದೆ. ಸ್ನಾನ, ಪೂಜೆ ಆಯಿತು. ತೆಗೆಯೋಣವೆಂದರೆ ಏಳೂವರೆಯಿಂದ ಒಂಬತ್ತರವರೆಗೆ ರಾಹುಕಾಲ. ಅದನ್ನು ನೆನಪಿಸಿದ್ದು ಅವ್ವನೂ ಅಲ್ಲ, ಅಪ್ಪನೂ ಅಲ್ಲ, ನಾನೇ. ಒಂಬತ್ತು ಹೊಡೆದ ಮೇಲೆ ಸ್ವಾಮಿಗೆ ಕೈಮುಗಿದು ಲಕೋಟೆ ತೆಗೆದುಕೊಂಡು ಅಟ್ಟಕ್ಕೆ ಹೋಗಿ ಒಡೆದೆ.

ಮೊದಲು ಆಯ್ಕೆಯಾಗಿದ್ದವರು ಬೇರೆ ಕೆಲಸ ಸಿಕ್ಕಿ ಬಿಟ್ಟುಕೊಟ್ಟಿದ್ದಾರೆ. ಆದ್ದರಿಂದ ವೇತನವನ್ನು ನಿಮಗೆ ಕೊಡಲು ಸಮಿತಿ ತೀರ್ಮಾನಿಸಿದೆ. ಕಾಲ ಕಡಿಮೆಯಿರುವುದರಿಂದ ಕಾಗದ ಮುಟ್ಟಿದ ಕೂಡಲೆ ಒಪ್ಪಿಗೆಯನ್ನು ತಂತಿಯ ಮೂಲಕ ತಿಳಿಸಬೇಕು. ಸೋಮವಾರ ಇಪ್ಪತ್ತೆರಡರಂದು ಬೆಳಿಗ್ಗೆ ಹತ್ತು ಗಂಟೆಗೆ ಸಮಿತಿ ಸೇರುತ್ತದೆ. ಅಷ್ಟರೊಳಗೆ ನಿಮ್ಮ ಒಪ್ಪಿಗೆ ಬಾರದಿದ್ದರೆ ಮುಂದಿನವರಿಗೆ ಕೊಡಲಾಗುವುದು.

ಪೂರ್ತಿ ಓದಿದೆನೋ ಇಲ್ಲವೋ. ಅಂಗಿಯಿಲ್ಲದೆ ಓಡಿದೆ. ಪೇಟೆಯಲ್ಲಿ ಯಾರೋ ಕೂಗಿ ಏನಾಯಿತೆಂದು ಕೇಳಿದರು. ಸ್ಟೇಷನ್ನಿನಲ್ಲಿ ತಂತಿಯ ಗುಮಾಸ್ತರು ಬೀರೂರಿನಿಂದ ಬರುವ ಗಾಡಿಯ ಕೆಲಸದಲ್ಲಿದ್ದರು. ಗಾಡಿ ಬಂತು, ನಿಂತಿತು, ಹೋಯಿತು. ನನ್ನ ತಂತಿ ಹೊರಟಾಗ ಹತ್ತು ದಾಟಿತ್ತು. ಶನಿವಾರ ಮಧ್ಯಾಹ್ನವೇ ನಾನು ಇಲ್ಲಿಗೆ ಬಂದಿದ್ದರೆ ಈ ಗುಮಾಸ್ತರೇ ಬೆಂಚಿನ ಮೇಲೆ ಕೂತು ಬೀಡಿ ಸೇದುತ್ತಿರುತ್ತಿದ್ದರು. ಭಾನುವಾರ ಬಂದಿದ್ದರೂ ಆಗುತ್ತಿತ್ತು. ಏಳು ಗಂಟೆಗೆ ಬಂದಿದ್ದರೂ.

ಮನೆಗೆ ಬಂದಾಗ ಎಲ್ಲರೂ ಜಗಲಿಯಲ್ಲಿ ನಿಂತಿದ್ದರು. ಏನಾಯ್ತು ಎಂದಳು ಅವ್ವ. ಆಗಲಿಲ್ಲ ಎಂದೆ. ತಂತಿಗೆ ಉತ್ತರ ಬರಲಿ, ಆಮೇಲೆ ವಿವರವಾಗಿ ಹೇಳಿದರಾಯಿತು ಎಂದು ಮನಸ್ಸಿನಲ್ಲಿತ್ತು.

“ನಾನು ಅವತ್ತೇ ಅಂದ್ಕೊಂಡೆ” ಎಂದಳು ಅವ್ವ. “ಯಾರ ಕೈಗೆ ಬಂತು ನೋಡು ಕಾಗದ.”

ಅತ್ತೆ ಬಾಗಿಲ ಹಿಂದೆ ನಿಂತಿದ್ದಳು. ಅವಳ ಸೀರೆಯ ಅಂಚು ಕಾಣುತ್ತಿತ್ತು. ನಾನು ಕಾಲು ತೊಳೆಯಲು ಹೋದೆ.

೨೪ ಜೂನ್, ಬುಧವಾರ

ಉತ್ತರ ಬಂತು: ಸ್ಥಾನ ಭರ್ತಿಯಾಗಿದೆ, ವಿಷಾದ.

ಅಪ್ಪ ಎರ‍ಡು ದಿನದಿಂದ ಮಂಡಿಗೆ ಹೋಗಿಲ್ಲ. ಹೂವು ಯಾಕೆ ಸುಳ್ಳಾಯಿತೆಂದು ಅಯ್ಯನವರನ್ನು ಕೇಳಲು ಹೋಗಿದ್ದರು. ಹೂವು ಸುಳ್ಳಲ್ಲ, ನಡುವೆ ಮನೆಯಲ್ಲೇ ಏನೋ ಅಡ್ಡ ಬಂದಿದೆ ಎಂದರಂತೆ. ಅಪ್ಪ ಮನೆಗೆ ಬಂದು ಅದನ್ನು ಹೇಳಿ, ಅಕ್ಕನ ಕಡೆ ನೋಡದೆ ಒಳಗೆ ಹೋದರು. ನೋಡದೆ ಹೋದದ್ದೇ ಹೇಳಿದ ಹಾಗಾಯಿತು.

“ನಾನು ಸಿಂಗಟಗೆರೆಗೆ ಹೋಗ್ತೀನಿ. ಮೈದುನನ ಮನೇಲಿ ಒಂದ್ ಮೂಲೆ ಕೊಡ್ತಾರೆ” ಎಂದಳು ಅತ್ತೆ. ಅವ್ವ ಬೇಡ ಎನ್ನಲಿಲ್ಲ. ಶುಕ್ರವಾರ ಸಂತೆಗೆ ಬರುವ ಗಾಡಿ ಆ ಕಡೆ ಹೋಗುತ್ತದಲ್ಲ ಎಂದಳು.

ನಾನು ಹೇಳಬೇಕಿತ್ತು. ಅಲ್ಲೇ ಇದ್ದೆ. ಕಾಗದ ಜೇಬಿನಲ್ಲೇ ಇತ್ತು. ಬಾಯಿ ತೆರೆದರೆ, ಎರಡು ದಿನ ಗೂಡಿನಲ್ಲಿಟ್ಟು ಕೂತ ಬಿ.ಎ. ಯಾರು ಎಂದು ಇಡೀ ಕಡೂರಿಗೆ ಗೊತ್ತಾಗುತ್ತದೆ. ಅವಳಿಗೆ ಹೇಗೂ ಇಂಥ ಮಾತು ಕೇಳಿ ಅಭ್ಯಾಸ ಎಂದು ಒಂದು ಕ್ಷಣ ಅನ್ನಿಸಿತು. ಅನ್ನಿಸಿದ್ದನ್ನು ಬರೆದಿದ್ದೇನೆ. ಓದಿದರೆ ಅಸಹ್ಯವಾಗುತ್ತದೆ.

೨೬ ಜೂನ್, ಶುಕ್ರವಾರ

ಹೇಳಿದೆ.

ಬೆಳಿಗ್ಗೆಯಿಂದ ಹೇಳಬೇಕೆಂದು ಮೂರು ಸಲ ಅಟ್ಟ ಇಳಿದು ಹತ್ತಿದೆ. ಗಾಡಿ ಬಂದು ಮನೆಯ ಮುಂದೆ ನಿಂತಿತು. ಅತ್ತೆ ಒಂದು ಗಂಟು, ಒಂದು ಚೊಂಬು ಹಿಡಿದು ನಿಂತಿದ್ದಳು. ಹತ್ತೂವರೆಗೆ ರಾಹುಕಾಲ ಹತ್ತುತ್ತದೆ. ಅದಕ್ಕೆ ಮುಂಚೆಯೇ ಹೇಳಿಬಿಡೋಣವೆಂದು ಇಳಿದು ಹೊರಗೆ ಬಂದೆ.

“ಅತ್ತೆ ಹೋಗೋದು ಬೇಡ. ಕಾಗದದಲ್ಲಿ ಆಗಲ್ಲ ಅಂತ ಇರಲಿಲ್ಲ. ಆಗಿದೆ ಅಂತಿತ್ತು. ಸೋಮವಾರ ಹತ್ತು ಗಂಟೆ ಒಳಗೆ ತಂತಿ ಕೊಡಿ ಅಂತಿತ್ತು. ನಾನು ಗೂಡಿನಲ್ಲಿಟ್ಟುಕೊಂಡು ಕೂತೆ. ಕೆಡಿಸಿದೋನು ನಾನು.”

ಗಾಡಿಯವನು ಎತ್ತಿನ ಬೆನ್ನು ತಟ್ಟುತ್ತ ಬೇರೆ ಕಡೆ ನೋಡಿದ. ಅಪ್ಪ ಕೇಳಿದರು: “ಅಂದ್ರೆ ಸಿಕ್ಕಿತ್ತಾ?”

“ಸಿಕ್ಕಿತ್ತು.”

“ಹಂಗಾದ್ರೆ ಹೂವು ಸುಳ್ಳಾಡ್ಲಿಲ್ಲ” ಎಂದು ಅಪ್ಪ ಜಗಲಿಯ ಮೇಲೆ ಕೂತರು. ಅವರ ಮುಖದಲ್ಲಿ ನಾಲ್ಕು ದಿನದ ಮೇಲೆ ಸ್ವಲ್ಪ ಕಳೆ ಬಂತು. ನನ್ನ ಎರಡು ವರ್ಷ ಹೋಯಿತು, ನನ್ನ ಬದುಕೇ ಹೋಯಿತು, ಅವರಿಗೆ ಅವರ ಸ್ವಾಮಿ ಉಳಿದ. ಅವ್ವ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು.

ಅತ್ತೆ ಗಂಟನ್ನು ಕೆಳಗಿಡಲಿಲ್ಲ. ನನ್ನನ್ನೇ ನೋಡಿದಳು. ಬೈಯುತ್ತಾಳೆ ಎಂದುಕೊಂಡೆ, ಬೈಯಲಿ ಎಂದೇ ನಿಂತಿದ್ದೆ.

“ಟಪಾಲಿನೋನು ನನ್ನ ಕೈಗೆ ಕೊಟ್ಟಾಗ ಅದು ಒಳ್ಳೇ ಕಾಗದಾನೇ ಆಗಿತ್ತಾ?”

“ಆಗಿತ್ತು ಅತ್ತೆ.”

“ನಾನು ನಿನ್ನ ಮುಂದೆ ಹಿಡಿದಾಗ?”

“ಆಗ್ಲೂ.”

“ಓದು.”

“ಇಂಗ್ಲಿಷಿನಲ್ಲಿದೆ.”

“ಇರ್ಲಿ. ಓದು.”

ಬೀದಿಯಲ್ಲಿ ನಿಂತು ಓದಿದೆ. ಮೊದಲ ಅಕ್ಷರದಿಂದ ಕೊನೆಯ ರುಜುವಿನವರೆಗೆ. ಪುರಾಣ ಕೇಳುವಾಗ ನಿಲ್ಲುವಹಾಗೆ ತಲೆಯ ಮೇಲೆ ಸೆರಗು ಹೊದ್ದು ನಿಂತು ಕೇಳಿದಳು. ವಿಶಾಲಾಕ್ಷಮ್ಮ ಬಂದು ಗೋಡೆಯ ಹತ್ತಿರ ನಿಂತಾಗ, “ಇನ್ನೊಂದ್ ಸಲ, ಸ್ವಲ್ಪ ಗಟ್ಟಿಯಾಗಿ ಓದು” ಎಂದಳು. ಮತ್ತೆ ಓದಿದೆ. ಕನ್ನಡದಲ್ಲೂ ಹೇಳಿದೆ.

“ನಾಕು ದಿನ ಸುಮ್ನಿದ್ಯಲ್ಲ ಮಗಾ” ಎಂದಳು ಆಮೇಲೆ. ಸಿಟ್ಟಿನಿಂದಲ್ಲ. ಸಿಟ್ಟಿದ್ದಿದ್ದರೆ ಕಾಲು ಹಿಡಿಯುತ್ತಿದ್ದೆ. “ಅವ್ರೆಲ್ಲ ಅಂದ್ರೆ ನಂಗೇನು ಅನ್ನಿಸ್ತಿರಲಿಲ್ಲ. ನಾನೇ ನಂಬಿಬಿಟ್ಟಿದ್ದೆ ಕಣೋ. ನನ್ನ ಕೈಯಿಂದ್ಲೇ ನಿಂಗೆ ಕೆಟ್ಟದಾಯ್ತು ಅಂತ.”

“ಇರು ಅತ್ತೆ. ಗಾಡಿ ಕಳಿಸಿಬಿಡ್ತೀನಿ.”

“ಬ್ಯಾಡ. ಹೊರಟಿದ್ದೀನಿ, ಹೋಗ್ತೀನಿ. ನೀನು ಮುಂದಿನ ವರ್ಷ ಮತ್ತೆ ಅರ್ಜಿ ಹಾಕು.” ಕೈ ಚಾಚಿದಳು. “ಅದನ್ನ ಇತ್ಲಾಗಿ ಕೊಡು.”

ಕೊಟ್ಟೆ. ಮಡಿಸಿ ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಓದಲು ಬಾರದವಳಿಗೆ ಇದು ಯಾತಕ್ಕೆ ಎಂದು ಅಪ್ಪ ಕೇಳಿದರು. ಸಿಂಗಟಗೆರೆಯಲ್ಲಿ ಸ್ಕೂಲ್ ಮೇಷ್ಟ್ರು ಇದ್ದಾರೆ, ಮೈದುನನ ಮನೆಯವರ ಮುಂದೆ ಓದಿಸುತ್ತೇನೆ ಎಂದಳು.

ಅವಳು ಗಾಡಿ ಹತ್ತುವಾಗ ನಾನು ಕೈ ಕೊಟ್ಟೆ. ಹಿಡಿದುಕೊಂಡು ಹತ್ತಿದಳು. ಗಾಡಿ ಸ್ಟೇಷನ್ ರಸ್ತೆ ತಿರುಗುವವರೆಗೂ ಸೆರಗಿನ ಗಂಟು ಮುಷ್ಟಿಯಲ್ಲೇ ಇತ್ತು.